ಹಳೆಯ ಲೆನ್ಸನ್ನು ಕೊಳ್ಳುವ ಮುನ್ನ

ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸಿ ಚಿತ್ರ ತೆಗೆಯುವ ದೊಡ್ಡ ಕ್ಯಾಮೆರಾಗಳಿಗೆ ಇಂದಿಗೂ ಅಭಿಮಾನಿಗಳುಂಟು. 4×5 ಅಂಗುಲದ ಅಥವಾ ಅದಕ್ಕೂ ಮಿಗಿಲಾದ ಅಳತೆಯ ಫಿಲ್ಮನ್ನು ಇವುಗಳಲ್ಲಿ ಒಂದೊಂದೇ ಹಾಳೆಯಾಗಿ ಬಳಸುತ್ತಾರೆ. ಇವುಗಳ ಷಟರು ಸಾಮಾನ್ಯವಾಗಿ ಕ್ಯಾಮೆರಾದ ಪೆಟ್ಟಿಗೆಯಲ್ಲಿರದೆ, ಲೆನ್ಸಿನ ಎರಡು ಭಾಗಗಳ ನಡುವೆ ಇರುತ್ತದೆ. ಜರ್ಮನಿಯ ಕಾಂಪುರ್, ಜಪಾನಿನ ಕೋಪಾಲ್ ಎಂಬವು ಇಂಥ ಷಟರುಗಳಲ್ಲಿ ಹೆಸರಾದವು. ಇವೆರಡರ ತಯಾರಿಕೆಯೂ ನಿಂತುಹೋಗಿರುವುದರಿಂದ ಕೊಳ್ಳುವವರಿಗೆ ಹಳೆಯ ಸರಕೇ ಗತಿ. ಆದರೆ ಹಲವರು ಗಾಜಿನ ಮೇಲಣ ಗೀರುಗಳನ್ನು ಹುಡುಕುತ್ತಾರೆಯೇ ಹೊರತು ಷಟರನ್ನು ಪರೀಕ್ಷಿಸುವುದಿಲ್ಲ.

ಷಟರು ಒಂದು ಬಗೆಯ ಗಡಿಯಾರವೇ ಸರಿ. ಸ್ಪ್ರಿಂಗಿನ ಬಲದಿಂದ ತೆಳುವಾದ ಎಲೆಗಳು ತೆರೆದು ಮುಚ್ಚುತ್ತವೆ. ನಿಧಾನದ ವೇಗಗಳಲ್ಲಿ ಹಲ್ಲುಚಕ್ರಗಳ ಸಾಲೊಂದು ಮುಚ್ಚುವಿಕೆಯನ್ನು ತಡೆದು ಹಿಡಿಯುತ್ತದೆ. ಕಾಲ ಕಳೆದಂತೆ ಒಳಗಿನ ಎಣ್ಣೆ ಗಟ್ಟಿಯಾದರೆ ಈ ತಡೆ ಅಳತೆ ಮೀರುತ್ತದೆ. 1 ಸೆಕೆಂಡು ತೆರೆದಿರಬೇಕಾದುದು 2 ಸೆಕೆಂಡು ತೆರೆದಿದ್ದರೆ ಫಿಲ್ಮಿನ ಮೇಲೆ ಎರಡರಷ್ಟು ಬೆಳಕು ಬೀಳುವುದು. ಬೆಲೆಬಾಳುವ ಹಾಳೆಯೊಂದು ವ್ಯರ್ಥವಾಗುವುದು.

ಆದುದರಿಂದ ಮೊದಲು ವೇಗವನ್ನು 1 ಸೆಕೆಂಡಿಗೆ ಇಟ್ಟು, ಸನ್ನೆಯನ್ನೆಳೆದು ಷಟರನ್ನು ಬಿಡಿರಿ. ಚಕ್ರಗಳ ಸದ್ದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿರಬೇಕು, ನಡುವೆ ಮುಗ್ಗರಿಸಬಾರದು. ಬಳಿಕ 1/2, 1/4, 1/8 ಸೆಕೆಂಡುಗಳನ್ನು ನೋಡಿರಿ. ಪ್ರತಿಸಲವೂ ಕಾಲವು ಅರ್ಧಕ್ಕಿಳಿದಂತೆ ಕಿವಿಗೆ ಗೊತ್ತಾಗಬೇಕು. ಫೋನಿನಲ್ಲಿ ಸದ್ದನ್ನು ಮುದ್ರಿಸಿಕೊಂಡರೆ ನಿಧಾನದ ವೇಗಗಳನ್ನು ಅಳೆಯಲೂಬಹುದು. ಬಹುಕಾಲ ಸುಮ್ಮನಿದ್ದ ಷಟರು ಹತ್ತು ಸಲ ಓಡಿಸಿದ ಮೇಲೆ ಸರಿಯಾದಂತೆ ತೋರುವುದುಂಟು. ಮೋಸಹೋಗಬೇಡಿರಿ; ಮೊದಲನೆಯ ಸಲ ಅದು ಹೇಗೆ ನಡೆಯಿತೆಂಬುದೇ ಮುಖ್ಯ.

ಅನಂತರ 'ಬಿ' ಗುರುತಿಗೆ ತಿರುಗಿಸಿ, ಒತ್ತಿಹಿಡಿದಷ್ಟು ಕಾಲ ಎಲೆಗಳು ಪೂರ್ತಿ ತೆರೆದಿರುವುವೇ, ಬಿಟ್ಟೊಡನೆ ಮುಚ್ಚುವುವೇ ಎಂದು ನೋಡಬೇಕು. ಎಲೆಗಳ ಮೇಲೆ ಎಣ್ಣೆಯ ಹೊಳಪಾಗಲಿ ತುಕ್ಕಾಗಲಿ ಇರಬಾರದು. ಫ್ಲ್ಯಾಷ್ ದೀಪವನ್ನು ಜೋಡಿಸಿ, ಬಿಳಿಯ ಗೋಡೆಯ ಕಡೆಗೆ ಹಿಡಿದು ಲೆನ್ಸಿನ ಹಿಂದಿನಿಂದ ನೋಡಿದರೆ, ದೀಪ ಮಿಂಚಿದಾಗ ದ್ವಾರವು ಪೂರ್ತಿಯಾಗಿ ಬೆಳಗಿ ಕಾಣಬೇಕು.

ಅತಿವೇಗದ 1/500 ಸೆಕೆಂಡಿನಲ್ಲಿ ಹಳೆಯ ಷಟರು ತುಸು ನಿಧಾನವಾದರೆ ಗಾಬರಿ ಬೇಡ. ತಪ್ಪು ಪ್ರತಿಸಲವೂ ಒಂದೇ ಬಗೆಯದಾಗಿದ್ದರೆ ಅದನ್ನು ಬರೆದಿಟ್ಟುಕೊಂಡು, ಅದಕ್ಕೆ ತಕ್ಕಂತೆ ದ್ವಾರವನ್ನು ಕಿರಿದುಗೊಳಿಸಿ ನಡೆಸಬಹುದು. ಒಮ್ಮೆ ಒಂದು ಬಗೆ, ಇನ್ನೊಮ್ಮೆ ಇನ್ನೊಂದು ಬಗೆಯಾದರೆ ಮಾತ್ರ ಲೆಕ್ಕವೇ ನಿಲ್ಲದು. ಅಂಥದಕ್ಕೆ ನೀವೇ ಎಣ್ಣೆ ಹಾಕಬೇಡಿರಿ. ಅದು ಎಲೆಗಳಿಗೆ ಹರಿದು ಅವುಗಳನ್ನು ಅಂಟಿಸಿಬಿಡುವುದು. ಬಲ್ಲ ಕುಶಲಿಗಳಿಂದ ಬಿಚ್ಚಿಸಿ ಶುಚಿಮಾಡಿಸಬೇಕು. ಆ ಖರ್ಚನ್ನು ಮೊದಲೇ ವಿಚಾರಿಸಿ, ಬೆಲೆಯಲ್ಲಿ ಕಳೆದು ಕೇಳುವವನೇ ಜಾಣ ಗಿರಾಕಿ.