ನಾಲ್ಕು ಅಂಗೈಯಗಲ ರಬ್ಬರು

1,200 ಕಿಲೋ ತೂಗುವ ಒಂದು ಸಾಧಾರಣ ಕಾರನ್ನು ತೆಗೆದುಕೊಳ್ಳಿ. ಒಂದೊಂದು ಚಕ್ರದ ಮೇಲೆ 300 ಕಿಲೋ. ಟೈರಿನೊಳಗೆ 32 ಪಿಎಸ್‌ಐ ಗಾಳಿ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಎರಡೂಕಾಲು ಕಿಲೋ ಒತ್ತಡ. ಭಾಗಿಸಿ ನೋಡಿದರೆ ಬರುವುದು 133 ಚದರ ಸೆಂ.ಮೀ. ಟೈರಿನ ಪಕ್ಕೆಯ ಬಿಗಿತದಿಂದ ಸ್ವಲ್ಪ ಹೆಚ್ಚುಕಡಿಮೆಯಾಗಬಹುದು, ಆದರೆ ಒಂದು ಟೈರು ನೆಲವನ್ನು ಮುಟ್ಟುವುದು ಹೆಚ್ಚೆಂದರೆ ಅಂಗೈಯಗಲ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು 100 ಕಿ.ಮೀ. ವೇಗದಲ್ಲಿ ಹೋಗುವ ಕಾರು ತಿರುಗುವುದೂ ನಿಲ್ಲುವುದೂ ಈ ನಾಲ್ಕು ಅಂಗೈಗಳನ್ನು ನಂಬಿಕೊಂಡು.

ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ಭಾರ ಮತ್ತು ಗಾಳಿಯ ಒತ್ತಡ, ಎರಡೇ. ಅಗಲವಾದ ಟೈರು ಹಾಕಿಸಿದರೆ ನೆಲ ಮುಟ್ಟುವ ಜಾಗದ ಆಕಾರ ಬದಲಾಗುತ್ತದೆ. ಉದ್ದ ಕಡಿಮೆಯಾಗಿ ಅಡ್ಡಗಲ ಹೆಚ್ಚುತ್ತದೆ. ತಿರುವಿನಲ್ಲಿ ಅದರಿಂದ ಲಾಭವಿದೆ, ನಿಜ. ಆದರೆ ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಕೈಯಲ್ಲಿ ಮಿತವಾದ ಹಣವಿದ್ದು, ವಾರವಿಡೀ ರಸ್ತೆಯಲ್ಲಿ ಓಡಿಸಿ ಆಗೊಮ್ಮೆ ಈಗೊಮ್ಮೆ ರೇಸ್ ಟ್ರ್ಯಾಕಿಗೂ ಇಳಿಯಬೇಕೆನ್ನುವವರು ದೊಡ್ಡ ರಿಮ್ಮಿಗೂ ಅಗಲಕ್ಕೂ ಸುರಿಯುವ ದುಡ್ಡನ್ನು ಒಳ್ಳೆಯ ರಬ್ಬರಿಗೆ ಹಾಕಬೇಕು ಎಂದು ನಾನು ಹೇಳುವುದು ಇದಕ್ಕೇ.

ಆ ರಬ್ಬರು ಏನೇನು ಸಹಿಸಿಕೊಳ್ಳುತ್ತದೆ ನೋಡಿ. 195/55 ಆರ್16 ಅಳತೆಯ ಟೈರಿನ ವ್ಯಾಸ 62 ಸೆಂ.ಮೀ., ಸುತ್ತಳತೆ ಎರಡು ಮೀಟರಿಗೆ ಸ್ವಲ್ಪವೇ ಕಡಿಮೆ. 150 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 21 ಸಲ ಸುತ್ತುತ್ತದೆ. ಟ್ರೆಡ್ಡಿನ, ಅಂದರೆ ನೆಲ ಮುಟ್ಟುವ ಹೊರಪದರದ, ಒಂದು ಚೂರು ನೆಲದ ಮೇಲೆ ಇರುವುದು ಸೆಕೆಂಡಿನ ನಾನೂರನೇ ಒಂದು ಪಾಲಿನಷ್ಟು ಹೊತ್ತು. ಉಳಿದ ಹೊತ್ತೆಲ್ಲ ಅದನ್ನು ಹೊರಗೆ ಎಸೆಯಲು ನೋಡುವ ಬಲ ಅದರ ತೂಕದ 570 ಪಟ್ಟು: ಹತ್ತು ಗ್ರಾಮಿನ ತುಂಡು ಐದೂಮುಕ್ಕಾಲು ಕಿಲೋದಷ್ಟು ಜಗ್ಗುತ್ತದೆ. 200 ಕಿ.ಮೀ.ಗೆ ಏರಿದರೆ ಸಾವಿರ ಪಟ್ಟು. ನೆಲ ಮುಟ್ಟಿ ಚಪ್ಪಟೆಯಾದ ಕ್ಷಣದಲ್ಲಿ ಆ ಎಳೆತ ಸೊನ್ನೆಗೆ ಇಳಿಯುತ್ತದೆ, ಮೇಲೆದ್ದ ಕ್ಷಣ ಮತ್ತೆ ಪೂರ್ತಿ ಬರುತ್ತದೆ. ಸೆಕೆಂಡಿಗೆ 21 ಸಲ ಹೀಗೆ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ವೇಗದ ಅಕ್ಷರಗಳು ಈ ಹಿಂಸೆಯ ಮಿತಿಯನ್ನೇ ಸೂಚಿಸುತ್ತವೆ: ಎಚ್ ಎಂದರೆ 210 ಕಿ.ಮೀ., ವಿ ಎಂದರೆ 240, ಡಬ್ಲ್ಯು ಎಂದರೆ 270.

ಇನ್ನು ಸವೆತ. ಹೊಸ ಟೈರಿನ ಟ್ರೆಡ್ ಆಳ 8 ಮಿ.ಮೀ. ಇದ್ದರೆ, 1.6 ಮಿ.ಮೀ.ಗೆ ಇಳಿದಾಗ ಬದಲಿಸಲೇಬೇಕು. ನಮಗೆ ಸಿಗುವುದು 6.4 ಮಿ.ಮೀ. ಒಂದು ಸಾಧಾರಣ ಟೈರು 40,000 ಕಿ.ಮೀ. ಬಾಳಿತೆಂದರೆ ಅದು ಎರಡು ಕೋಟಿ ಐದು ಲಕ್ಷ ಸುತ್ತು ಸುತ್ತಿರುತ್ತದೆ. ಭಾಗಿಸಿದರೆ ಪ್ರತಿ ಸುತ್ತಿಗೆ ಸವೆಯುವುದು 0.31 ನ್ಯಾನೋಮೀಟರ್. ರಬ್ಬರಿನಲ್ಲಿ ಒಂದು ಕಾರ್ಬನ್ ಪರಮಾಣುವಿಗೂ ಪಕ್ಕದ ಪರಮಾಣುವಿಗೂ ನಡುವಿನ ದೂರ 0.15 ನ್ಯಾನೋಮೀಟರ್. ಅಂದರೆ ಚಕ್ರ ಒಂದು ಸುತ್ತು ಬಂದಾಗ ಟೈರು ಕಳೆದುಕೊಳ್ಳುವುದು ಎರಡು ಪರಮಾಣುಗಳಷ್ಟು ದಪ್ಪ! ಇದು ಸರಾಸರಿ ಲೆಕ್ಕ. ನಿಜವಾಗಿ ರಬ್ಬರು ಸಣ್ಣ ಸಣ್ಣ ಕಣಗಳಾಗಿ ಕಿತ್ತುಹೋಗುತ್ತದೆ. ಹಾಗಿದ್ದರೂ 1,200 ಕಿಲೋ ಭಾರದ ಯಂತ್ರವೊಂದು ಜಲ್ಲಿಕಲ್ಲಿನ ಮೇಲೆ ಉಜ್ಜಿಕೊಂಡು ಹೋಗುತ್ತ ಸುತ್ತಿಗೆ ಎರಡೇ ಪರಮಾಣು ತೆರುತ್ತದೆ ಎಂಬುದು ನನಗೆ ಎಷ್ಟು ಸಲ ಲೆಕ್ಕ ಹಾಕಿದರೂ ಹಳತಾಗದ ಬೆರಗು.

ಗ್ರಿಪ್ ಬೇಕೆಂದರೆ ಈ ಎರಡು ಪರಮಾಣುವನ್ನು ನಾಲ್ಕು ಮಾಡಲು ಒಪ್ಪಬೇಕು. ಪರ್ಫಾರ್ಮೆನ್ಸ್ ಟೈರಿನ ವ್ಯಾಪಾರವೆಲ್ಲ ಇಷ್ಟೇ.

ಈ ವ್ಯಾಪಾರಕ್ಕೆ ಒಂದು ಸಂಖ್ಯೆಯೂ ಇದೆ. ಟೈರಿನ ಪಕ್ಕೆಯ ಮೇಲೆ ‘ಟ್ರೆಡ್‌ವೇರ್’ ಎಂಬ ಪದದ ಮುಂದೆ 200, 300, 420 ಎಂದೆಲ್ಲ ಅಚ್ಚಾಗಿರುತ್ತದೆ. ಇದು ಅಮೆರಿಕ ಸರ್ಕಾರ ಕಡ್ಡಾಯ ಮಾಡಿದ ಶ್ರೇಣಿ. ಟೆಕ್ಸಾಸ್‌ನ ಸ್ಯಾನ್ ಆಂಜೆಲೋ ಸುತ್ತಮುತ್ತಲಿನ ಸಾರ್ವಜನಿಕ ರಸ್ತೆಗಳಲ್ಲಿ 400 ಮೈಲಿಯ ಒಂದು ನಿಗದಿತ ಸುತ್ತುದಾರಿ ಇದೆ. ಕಾರುಗಳು ಸಾಲಾಗಿ ಅದನ್ನು 18 ಸಲ ಸುತ್ತುತ್ತವೆ. ಒಟ್ಟು 7,200 ಮೈಲಿ, ಸುಮಾರು 11,600 ಕಿ.ಮೀ. ಜೊತೆಯಲ್ಲೇ ಓಡುವ ಒಂದು ಮಾನಕ ಟೈರಿಗೆ 100 ಅಂಕ. ಅದರ ಅರ್ಧದಷ್ಟೇ ಸವೆದರೆ 200, ಕಾಲು ಪಾಲಷ್ಟೇ ಸವೆದರೆ 400. ಸಂಖ್ಯೆ ಇಳಿದಷ್ಟೂ ರಬ್ಬರು ಮೆತ್ತಗೆ ಎಂದು ಸ್ಥೂಲವಾಗಿ ತಿಳಿಯಬಹುದು. ಆದರೆ ಕೊನೆಯ ಅಂಕವನ್ನು ಅಚ್ಚು ಹಾಕುವುದು ಟೈರು ಕಂಪನಿಯೇ. ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ತನ್ನ ಆಟೋಕ್ರಾಸ್ ಸ್ಪರ್ಧೆಗಳ ರಸ್ತೆಕಾರು ವಿಭಾಗಕ್ಕೆ 200ಕ್ಕಿಂತ ಕಡಿಮೆ ಅಂಕದ ಟೈರು ಕೂಡದು ಎಂದು ನಿಯಮ ಮಾಡಿದೆ. ಹೀಗಾಗಿ ಆ ಒಂದು ಅಂಕದ ಸುತ್ತ ದೊಡ್ಡ ಪೈಪೋಟಿಯೇ ಹುಟ್ಟಿಕೊಂಡಿತು. ಹ್ಯಾಂಕೂಕ್ ವೆಂಟಸ್ ಆರ್‌ಎಸ್4 ದೀರ್ಘ ಬಾಳಿಕೆಗೆ ಹೆಸರಾದದ್ದು. ಬ್ರಿಡ್ಜ್‌ಸ್ಟೋನ್ ಆರ್‌ಇ-71ಆರ್ ಬೇಗ ಬಿಸಿಯೇರಿ ಬೇಗ ಸವೆಯುವುದಕ್ಕೆ ಹೆಸರಾದದ್ದು. ಎರಡರ ಮೇಲೂ ಇರುವುದು ಅದೇ 200. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಮೇಲೆ 300 ಇದೆ, ಬೆಲೆಯಲ್ಲಿ ಅದಕ್ಕಿಂತ ಕೆಳಗಿರುವ ಫೈರ್‌ಸ್ಟೋನ್ ಫೈರ್‌ಹಾಕ್ ಇಂಡಿ 500 ಮೇಲೆ 340. ಅಂಕ ದಾರಿ ತೋರಿಸುತ್ತದೆ, ಅಷ್ಟಕ್ಕೇ ಅದನ್ನು ನಂಬಬೇಕು.

ಮೆತ್ತನೆಯ ರಬ್ಬರು ಹಿಡಿಯುವುದೇಕೆ ಎಂಬುದರಲ್ಲಿ ಇನ್ನೂ ದೊಡ್ಡ ಸಂಖ್ಯೆಗಳಿವೆ. 70 ಕಿ.ಮೀ. ವೇಗದಲ್ಲಿ ಟೈರು ಉರುಳುವಾಗ ಅದರ ಮೈ ಸೆಕೆಂಡಿಗೆ ಹತ್ತು ಸಲ ಅದುಮಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಬ್ರೇಕ್ ಒತ್ತಿದಾಗ ನಡೆಯುವುದು ಬೇರೆಯೇ ಲೋಕದ ಆಟ. ಟ್ರೆಡ್ ನೆಲದ ಮೇಲೆ ಸೆಕೆಂಡಿಗೆ ಒಂದು ಮೀಟರಿನಷ್ಟು ಜಾರಿತೆನ್ನಿ. ಡಾಂಬರಿನ ಕಲ್ಲುಗಳ ಮೇಲಿನ ಏರುತಗ್ಗು ಮಿಲಿಮೀಟರಿನ ಹತ್ತನೇ ಪಾಲಿನಿಂದ ಸಾವಿರನೇ ಒಂದು ಪಾಲಿನವರೆಗೆ ಇರುತ್ತದೆ. ಅವುಗಳ ಮೇಲೆ ಹಾಯುವ ರಬ್ಬರು ಸೆಕೆಂಡಿಗೆ ಹತ್ತು ಸಾವಿರದಿಂದ ಹತ್ತು ಲಕ್ಷ ಸಲ ಕಂಪಿಸುತ್ತದೆ. ಪ್ರತಿ ಕಂಪನದಲ್ಲೂ ಸ್ವಲ್ಪ ಶಕ್ತಿಯನ್ನು ಹಿಂತಿರುಗಿಸದೆ ಶಾಖವಾಗಿ ನುಂಗಿಬಿಡುತ್ತದೆ. ಗ್ರಿಪ್ಪಿನ ಬಹುಪಾಲು ಆ ನುಂಗುವಿಕೆಯೇ. ಇದೇ ಗುಣ ಉರುಳುವಾಗಲೂ ಇದ್ದರೆ ಪೆಟ್ರೋಲ್ ಸುಮ್ಮನೆ ಸುಡುತ್ತದೆ. ಹಾಗಾಗಿ ಟೈರು ಮಾಡುವವರಿಗೆ ಬೇಕಿರುವುದು, ಸೆಕೆಂಡಿಗೆ ಹತ್ತು ಸಲ ಅದುಮಿದರೆ ಉದಾರವಾಗಿ ಹಿಂತಿರುಗಿಸುವ, ಹತ್ತು ಲಕ್ಷ ಸಲ ಅಲುಗಿಸಿದರೆ ಎಲ್ಲವನ್ನೂ ನುಂಗುವ ಒಂದೇ ವಸ್ತು. 1990ರ ದಶಕದ ಆರಂಭದಲ್ಲಿ ಮಿಶೆಲಿನ್ ಕಂಪನಿ ಕಾಡಿಗೆಯ (ಕಾರ್ಬನ್ ಬ್ಲ್ಯಾಕ್) ಬದಲು ಸಿಲಿಕಾ ಬೆರೆಸಿದ ಟ್ರೆಡ್ಡನ್ನು ಮಾರುಕಟ್ಟೆಗೆ ತಂದಾಗ ಈ ಎರಡು ಆಸೆಗಳು ಮೊದಲ ಸಲ ಒಂದಿಷ್ಟು ಹತ್ತಿರ ಬಂದವು. ಇವತ್ತು ಮಧ್ಯಮ ಬೆಲೆಯ ಟೈರು ಕೂಡ ಒದ್ದೆ ರಸ್ತೆಯಲ್ಲಿ ಇಷ್ಟು ಚೆನ್ನಾಗಿ ಹಿಡಿಯುವುದರ ಹಿಂದೆ ಈ ಸಿಲಿಕಾ ಇದೆ.

ಹಿಡಿತದ ಬೆಲೆ ಎಷ್ಟು ಎಂಬುದಕ್ಕೆ ಒಂದೇ ಲೆಕ್ಕ ಸಾಕು. 100 ಕಿ.ಮೀ. ವೇಗದಿಂದ ನಿಲ್ಲಲು, ಘರ್ಷಣಾ ಗುಣಾಂಕ 1.0 ಇರುವ ಟೈರಿಗೆ 39 ಮೀಟರ್ ಬೇಕು, 0.8 ಇರುವುದಕ್ಕೆ 49 ಮೀಟರ್. ವ್ಯತ್ಯಾಸ ಹತ್ತೇ ಮೀಟರ್ ಎನ್ನಿಸಬಹುದು. ಆದರೆ ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯ ಕಾರು ಇನ್ನೂ 45 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಅಲ್ಲಿ ಅಡ್ಡ ಬಂದದ್ದು ಹಸುವೋ ಮಗುವೋ ಆಗಿದ್ದರೆ ಎಂದು ಯೋಚಿಸಿದವರಿಗೆ ಗ್ರಿಪ್ ಎಂಬುದು ರೇಸಿನವರ ಶೋಕಿ ಅನ್ನಿಸುವುದಿಲ್ಲ.

ಬೆಂಗಳೂರಿನ ಹವ್ಯಾಸಿಗೆ ಹತ್ತಿರದ ದೊಡ್ಡ ಟ್ರ್ಯಾಕ್‌ಗಳಲ್ಲೊಂದು ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟೈನಲ್ಲಿದೆ, ಉದ್ದ 3.7 ಕಿ.ಮೀ. ಮನೆಯಿಂದ ಅಲ್ಲಿಗೆ ಸುಮಾರು 300 ಕಿ.ಮೀ. ಫಾರ್ಮುಲಾ ಒನ್ ರೇಸಿನ ಪೂರ್ತಿ ದೂರ 305 ಕಿ.ಮೀ.; ಒಣ ಟ್ರ್ಯಾಕಿನಲ್ಲಿ ಎರಡು ಬಗೆಯ ಟೈರು ಬಳಸಲೇಬೇಕೆಂಬ ನಿಯಮದಿಂದಾಗಿ ಅಲ್ಲಿ ಒಂದೇ ಜೊತೆ ಟೈರು ಅಷ್ಟು ದೂರ ಹೋಗುವುದೇ ಇಲ್ಲ. ನಮ್ಮ ಹವ್ಯಾಸಿಯ ಟೈರಾದರೋ 300 ಕಿ.ಮೀ. ಹೆದ್ದಾರಿ ಮುಗಿಸಿ, 30 ಲ್ಯಾಪ್ ಹೊಡೆದು, ಅದೇ ಗಾಲಿಯ ಮೇಲೆ ಮನೆಗೂ ತಲುಪಿಸಬೇಕು. ಸಾಧಾರಣ ಟೈರಿನ ಲೆಕ್ಕದಲ್ಲಿ ಹೋಗಿಬರುವ 600 ಕಿ.ಮೀ.ಗೆ ಸವೆತ ಮಿಲಿಮೀಟರಿನ ಹತ್ತನೇ ಒಂದು ಪಾಲು. ಟ್ರ್ಯಾಕಿನ 111 ಕಿ.ಮೀ. ಒಂದು ಮಿಲಿಮೀಟರ್ ತಿಂದಿತೆಂದುಕೊಳ್ಳಿ. ಆಗ ಸುತ್ತಿಗೆ ಎರಡು ಪರಮಾಣುವಿನ ಬದಲು ನೂರಕ್ಕೂ ಹೆಚ್ಚು.

ಇಲ್ಲಿ ಹಣ ಉಳಿಸುವ ಅತಿ ಅಗ್ಗದ ಸಾಧನ ಗಾಳಿ ಅಳೆಯುವ ಗೇಜು. 30 ಡಿಗ್ರಿಯಲ್ಲಿ 32 ಪಿಎಸ್‌ಐ ಇದ್ದ ಟೈರು 80 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ಸುಮಾರು 40ಕ್ಕೆ ಏರುತ್ತದೆ. ನೆಲ ಮುಟ್ಟುವ ಜಾಗ 133 ಚದರ ಸೆಂ.ಮೀ.ಯಿಂದ 107ಕ್ಕೆ ಕುಗ್ಗುತ್ತದೆ. ಐದರಲ್ಲೊಂದು ಪಾಲು ರಬ್ಬರನ್ನು ನಾವಾಗಿಯೇ ನೆಲದಿಂದ ಎತ್ತಿದ ಹಾಗೆ, ಟ್ರೆಡ್ಡಿನ ನಡುಭಾಗವೂ ಬೇಗ ಸವೆಯುತ್ತದೆ. 27ರಿಂದ ಶುರುಮಾಡಿದರೆ ಬಿಸಿಯಾದಾಗ 34ಕ್ಕೆ ನಿಲ್ಲುತ್ತದೆ. ಸರಿಯಾದ ಅಂಕಿ ಕಾರಿನಿಂದ ಕಾರಿಗೆ ಬೇರೆ, ಪ್ರತಿ ಸುತ್ತಿನ ಓಟ ಮುಗಿದಾಗಲೂ ಅಳೆದೇ ಕಂಡುಕೊಳ್ಳಬೇಕು. ಆದರೆ ಮನೆಗೆ ಹೊರಡುವ ಮುನ್ನ ಮತ್ತೆ ಗಾಳಿ ತುಂಬಿಸುವುದನ್ನು ಮರೆಯಬೇಡಿ. ತಣ್ಣಗಾದ ಟೈರಿನಲ್ಲಿ ಇರುವುದು 27ರಷ್ಟೇ, ಅದರಲ್ಲಿ ರಾತ್ರಿ ಹೆದ್ದಾರಿ ಓಡಿಸುವುದು ಅಪಾಯ.

ಬೆಲೆಗೆ ಬರೋಣ. ಅಂಗಡಿಯವರು ಹೇಳುವ ದರವನ್ನು ಕಿಲೋಮೀಟರಿಗೆ ಇಳಿಸದೆ ಯಾವ ಟೈರನ್ನೂ ಅಗ್ಗ ಎನ್ನಬಾರದು. ಲೆಕ್ಕಕ್ಕೆಂದು ಸಾಧಾರಣ ಟೈರಿಗೆ 7,000 ರೂಪಾಯಿ, 40,000 ಕಿ.ಮೀ. ಬಾಳಿಕೆ ಎಂದಿಟ್ಟುಕೊಂಡರೆ ನಾಲ್ಕೂ ಸೇರಿ ಕಿಲೋಮೀಟರಿಗೆ 70 ಪೈಸೆ. ನಡುವಿನ ದರ್ಜೆಯದಕ್ಕೆ 9,000, ಬಾಳಿಕೆ 30,000 ಎಂದರೆ 1 ರೂಪಾಯಿ 20 ಪೈಸೆ. 200 ಅಂಕದ ಮೆತ್ತನೆಯದಕ್ಕೆ 11,000, ಬಾಳಿಕೆ 20,000 ಎಂದರೆ 2 ರೂಪಾಯಿ 20 ಪೈಸೆ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ಇವು ಕ್ರಮವಾಗಿ 8,400, 14,400 ಮತ್ತು 26,400 ರೂಪಾಯಿ. ಮೊದಲ ಮೆಟ್ಟಿಲಿಗೆ ಆರು ಸಾವಿರ, ಎರಡನೆಯದಕ್ಕೆ ಹನ್ನೆರಡು ಸಾವಿರ. ಆ ಎರಡನೇ ಮೆಟ್ಟಿಲಿನ ದುಡ್ಡಿನ ಬಹುಪಾಲು ಸವೆಯುವುದು ಆಫೀಸಿನ ದಾರಿಯ ಸಿಗ್ನಲ್ಲುಗಳಲ್ಲಿ.

ಬೆಲೆಯಷ್ಟೇ ಅಲ್ಲ, ಸಿಗುವುದೂ ಕಷ್ಟ. ಅಮೆರಿಕದಲ್ಲಿ 200 ಅಂಕದ ಟೈರುಗಳ ಆಯ್ಕೆ ಡಜನ್‌ಗಟ್ಟಲೆ. ನಮ್ಮಲ್ಲಿ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ವಿದೇಶದ ಮೆತ್ತನೆಯ ಟೈರು ತರಿಸುವುದು ಸುಲಭವಲ್ಲ.

ಈ ತೊಡಕುಗಳಿಗೆ ಮಳೆಯನ್ನೂ ಸೇರಿಸಿ. ರಸ್ತೆಯ ಮೇಲೆ 3 ಮಿ.ಮೀ. ನೀರು ನಿಂತಿದೆ, ಕಾರು 80 ಕಿ.ಮೀ. ವೇಗದಲ್ಲಿದೆ ಎಂದರೆ ಮುಂದಿನ ಒಂದೊಂದು ಟೈರೂ ಸೆಕೆಂಡಿಗೆ 12 ಲೀಟರ್ ನೀರನ್ನು ದಾರಿಯಿಂದ ಸರಿಸಬೇಕು. ಸರಿಸಲಾಗದಿದ್ದರೆ ಕಾರು ನೀರಿನ ಮೇಲೆ ತೇಲುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಫಲವಿಲ್ಲ. ಟ್ರ್ಯಾಕಿಗೆಂದೇ ಮಾಡಿದ ಟೈರುಗಳಲ್ಲಿ ಗೀರುಗಳು ಕಡಿಮೆ, ಆಳವೂ ಕಡಿಮೆ. ವರ್ಷಕ್ಕೆ 7,000 ಮಿ.ಮೀ. ಮಳೆ ಸುರಿಯುವ ಆಗುಂಬೆಯ ನಾಡಿನಲ್ಲಿ, ಜುಲೈನಲ್ಲಿ ಶಿರಾಡಿ ಘಾಟಿ ಇಳಿಯುವವರಿಗೆ ಅರ್ಧ ಸವೆದ ಅಂಥ ಟೈರು ಹೊಂದುವುದಿಲ್ಲ. ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಬೇಡ ಎನ್ನಬೇಕು.

ನನ್ನ ಆಯ್ಕೆ ಹೀಗೆ: ವರ್ಷಕ್ಕೆ ಎರಡು ಮೂರು ಸಲ ಟ್ರ್ಯಾಕಿಗೆ ಹೋಗುವವರು 300ರ ಆಸುಪಾಸಿನ ಅಂಕದ, ಗೀರು ಆಳವಿರುವ, ಕಾರಿನೊಂದಿಗೆ ಬಂದ ರಿಮ್ಮಿಗೇ ಹೊಂದುವ ಟೈರು ಕೊಳ್ಳಲಿ. ತಿಂಗಳಿಗೊಮ್ಮೆ ಹೋಗುವವರಿಗೆ ಬೇರೆ ರಿಮ್ಮಿನ ಮೇಲೆ ಎರಡನೇ ಜೊತೆ ಇಡುವುದೇ ಕೊನೆಗೆ ಕಡಿಮೆ ಖರ್ಚು. ದುಡ್ಡು ಕೊಡುವ ಮೊದಲು ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ರಿಯಾಯಿತಿ ದರದ ಟೈರು ಗೋದಾಮಿನಲ್ಲಿ ವರ್ಷಗಟ್ಟಲೆ ಕುಳಿತು ಗಡುಸಾಗಿದ್ದರೆ, ಮೆತ್ತನೆಯ ರಬ್ಬರಿಗೆಂದು ಕೊಟ್ಟ ಹಣ ಮೊದಲ ಸುತ್ತಿಗೆ ಮುಂಚೆಯೇ ಹೋಗಿರುತ್ತದೆ.