ಮಳೆಗಾಲದಲ್ಲಿ ಮೋಟಾರ್ ಸೈಕಲ್ಲಿನ ಉಸಿರು

ಕನ್ನಡ ಪಾಠ ಹೇಳಿಕೊಂಡು ಮೂರು ದಶಕಗಳನ್ನು ಕಳೆದ ನನ್ನಂಥವನು ಮೋಟಾರ್ ಸೈಕಲ್ಲಿನ ಎಂಜಿನ್ನಿನ ವಿಷಯವಾಗಿ ಮಾತನಾಡಲು ಹೊರಟರೆ ಅದು ಅನಧಿಕಾರ ಪ್ರಸಂಗವೆಂದು ಕೆಲವರಿಗಾದರೂ ತೋರಬಹುದು. ನಾನು ಯಂತ್ರಶಾಸ್ತ್ರ ಓದಿದವನಲ್ಲ. ಆದರೆ ಶಿವಮೊಗ್ಗದಲ್ಲಿ ಕೆಲಸ, ತೀರ್ಥಹಳ್ಳಿಯಾಚೆ ಆಗುಂಬೆಯ ದಾರಿಯಲ್ಲಿ ಊರು. ಎರಡರ ನಡುವೆ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಆ ಸೀಮೆಯಲ್ಲಿ ಇಪ್ಪತ್ತೈದು ವರ್ಷ ಬೈಕಿನ ಮೇಲೆ ಓಡಾಡಿದ್ದೊಂದೇ ಈ ಮಾತಿಗೆ ನನಗಿರುವ ಅರ್ಹತೆ. ಅದರ ಮೊದಲ ಪಾಠವನ್ನು ನಾನು ಕಲಿತದ್ದು ತಪ್ಪು ಮಾಡಿ.

1994ರ ಜುಲೈ ತಿಂಗಳು. ಪುನರ್ವಸು ಮಳೆ ಹಿಡಿದಿತ್ತು. ಅಪ್ಪಯ್ಯನಿಗೆ ದಮ್ಮು ಹೆಚ್ಚಾಗಿದೆ, ಔಷಧಿ ತೆಗೆದುಕೊಂಡು ಕೂಡಲೇ ಬಾ ಎಂದು ಊರಿನಿಂದ ಫೋನು ಬಂತು. ದಾರಿಯಲ್ಲಿ ಗಾಡಿ ಕೈಕೊಡಬಾರದೆಂದು ನಾನೊಂದು ಬುದ್ಧಿವಂತಿಕೆ ಮಾಡಿದೆ. ಸೀಟಿನ ಕೆಳಗೆ ಎಂಜಿನ್ ಗಾಳಿ ಎಳೆದುಕೊಳ್ಳುವ ಪೆಟ್ಟಿಗೆಯ ಬಾಯಿಗೆ ಪಾಲಿಥೀನ್ ಹಾಳೆ ಸುತ್ತಿ ದಾರದಿಂದ ಕಟ್ಟಿದೆ. ಗಾಜನೂರಿನವರೆಗೆ ಗಾಡಿ ಹೇಗೋ ಓಡಿತು. ಆಮೇಲೆ ಏರುಗಳಲ್ಲಿ ಏದುಸಿರು ಬಿಡತೊಡಗಿತು. ಹಿಂದೆ ಕಪ್ಪು ಹೊಗೆ. ಮಂಡಗದ್ದೆಯ ಹತ್ತಿರ ನಿಂತೇಬಿಟ್ಟಿತು. ಸುರಿಯುವ ಮಳೆಯಲ್ಲಿ ಒದ್ದೂ ಒದ್ದೂ ಕಾಲು ಸೋತಿತೇ ಹೊರತು ಎಂಜಿನ್ನಿಗೆ ಜೀವ ಬರಲಿಲ್ಲ. ಜೇಬಿನಲ್ಲಿ ಔಷಧಿ ಇತ್ತು. ಮನಸ್ಸಿನಲ್ಲಿ ಏನೇನು ಯೋಚನೆಗಳು ಬಂದವೆಂಬುದನ್ನು ಹೇಳಬೇಕಾಗಿಲ್ಲ.

ಗಾಡಿ ತಳ್ಳಿಕೊಂಡು ಒಂದು ಚಹದಂಗಡಿಯ ಮುಂದೆ ಬಂದೆ. ಅಲ್ಲಿ ನಿಂತಿದ್ದ ಬಸ್ಸಿನ ಚಾಲಕರೊಬ್ಬರು ಒಮ್ಮೆ ಬಗ್ಗಿ ನೋಡಿ, “ಏನ್ ಸಾರ್, ಮೂಗು ಕಟ್ಟಿ ಓಡಿಸ್ತಾ ಇದ್ದೀರಲ್ಲ!” ಎಂದರು. ಒದ್ದೆ ಪಾಲಿಥೀನು ಗಾಳಿಯ ಸೆಳೆತಕ್ಕೆ ಒಳಕ್ಕೆ ಹೋಗಿ ಬಾಯಿಗೆ ಅಂಟಿಕೊಂಡಿತ್ತು. ಅದನ್ನು ಕಿತ್ತು, ಮಸಿ ಹಿಡಿದಿದ್ದ ಪ್ಲಗ್ಗನ್ನು ಬಿಚ್ಚಿ ಉಜ್ಜಿ ಹಾಕಿದ ಮೇಲೆ ಎಂಜಿನ್ ಹೊರಟಿತು. ಆದರೆ ಎರಡು ಗಂಟೆ ಕಳೆದುಹೋಗಿತ್ತು.

ಆಗಿದ್ದೇನು? ಎಂಜಿನ್ ಬದುಕುವುದು ಪೆಟ್ರೋಲಿನಿಂದ ಎಂದು ನಾವು ತಿಳಿಯುತ್ತೇವೆ. ಅದು ಅರ್ಧ ಸತ್ಯ. ಒಂದು ತೂಕ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ತೂಕದಷ್ಟು ಗಾಳಿ ಬೇಕು. ಗಾಳಿ ಹಗುರವಾದ್ದರಿಂದ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9000 ಲೀಟರ್ ಗಾಳಿ ಎಂದು ಲೆಕ್ಕ. 350 ಸಿ.ಸಿ.ಯ ನಾಲ್ಕು ಸ್ಟ್ರೋಕಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ 1500 ಸಲ ಉಸಿರೆಳೆಯುತ್ತದೆ. ಪ್ರತಿ ಸಲವೂ ತುಂಬಾ ಎಳೆದರೆ ನಿಮಿಷಕ್ಕೆ ಐನೂರು ಲೀಟರಿಗೂ ಹೆಚ್ಚು. ಇಂಥ ಉಸಿರಾಟಕ್ಕೆ ಅಡ್ಡ ಬಂದರೆ ಕಾರ್ಬ್ಯುರೇಟರಿನಲ್ಲಿ ಗಾಳಿ ಕಡಿಮೆಯಾಗಿ ಪೆಟ್ರೋಲು ಮಿತಿಮೀರುತ್ತದೆ. ಚಳಿಗಾಲದ ಬೆಳಗ್ಗೆ ಎಂಜಿನ್ ಹೊರಡಿಸಲು ಚೋಕ್ ಎಳೆಯುತ್ತಿದ್ದೆವಲ್ಲ, ಅದೂ ಇದೇ. ನಾನು ಮೂವತ್ತು ಕಿಲೋಮೀಟರ್ ಚೋಕ್ ಎಳೆದುಕೊಂಡೇ ಹೋದಂತಾಗಿತ್ತು. ಭಾರತದಲ್ಲಿ 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುಮಟ್ಟಿಗೆ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ವ್ಯವಸ್ಥೆ ಬಂದಿದೆ. ಅದು ಗಾಳಿಯನ್ನು ಅಂದಾಜು ಮಾಡಿ ಪೆಟ್ರೋಲು ಬಿಡುತ್ತದೆ, ನಿಜ. ಆದರೆ ಗಾಳಿಯೇ ಇಲ್ಲದಿದ್ದರೆ ಅದಕ್ಕೂ ಶಕ್ತಿ ಎಲ್ಲಿಂದ ಬರಬೇಕು?

ಇನ್ನು ಮಳೆಯ ಭಯ ಎಷ್ಟರಮಟ್ಟಿಗೆ ನಿಜ ಎಂಬುದನ್ನು ನೋಡೋಣ. ಗಂಟೆಗೆ 50 ಮಿಲಿಮೀಟರಿನಂಥ ಜಡಿಮಳೆಯಲ್ಲಿಯೂ ಒಂದು ಘನ ಮೀಟರ್ ಗಾಳಿಯಲ್ಲಿ ಇರುವ ಮಳೆನೀರು ಎರಡು ಮೂರು ಗ್ರಾಂ ಮಾತ್ರ. ಎಂಜಿನ್ ಅದನ್ನೆಲ್ಲ ಕುಡಿದರೂ ನಿಮಿಷಕ್ಕೆ ಒಂದು ಗ್ರಾಮಿನ ಆಸುಪಾಸು. ಅದೂ 1500 ಉಸಿರುಗಳಿಗೆ ಹಂಚಿ. ಅದು ಬಿಸಿಗೆ ಆವಿಯಾಗಿ ಹೋಗುತ್ತದೆ. ಹೀಗಾಗಿ ಬರಿಯ ಹನಿಗಳು ಎಂಜಿನ್ನಿನ ಶತ್ರುಗಳಲ್ಲ. ಮಳೆಯಲ್ಲಿ ಗಾಡಿ ತಡವರಿಸುವುದಕ್ಕೆ ಎಷ್ಟೋ ಸಲ ಪ್ಲಗ್ಗಿನ ಟೋಪಿಯೊಳಗೆ ಸೇರಿದ ನೀರು ಕಾರಣ. ಅಪವಾದ ಮಾತ್ರ ಗಾಳಿಯ ಪೆಟ್ಟಿಗೆಗೆ.

ಈ ಪೆಟ್ಟಿಗೆಯನ್ನು ಮಾಡಿದವರೂ ಮಳೆಯನ್ನು ಮರೆತವರಲ್ಲ. ಅದರ ಬಾಯಿ ಸಾಮಾನ್ಯವಾಗಿ ಸೀಟಿನ ಅಡಿಯ ಮರೆಯಲ್ಲಿ, ಎದುರುಗಾಳಿಗೆ ಮುಖ ಕೊಡದ ಹಾಗೆ ಇರುತ್ತದೆ. ಗಾಳಿ ಅಲ್ಲಿ ಸುತ್ತಿ ತಿರುಗಿ ಒಳಹೋಗಬೇಕು; ಭಾರವಾದ ಹನಿಗಳು ಆ ತಿರುವಿನಲ್ಲಿ ಕೆಳಗೆ ಬೀಳುತ್ತವೆ. ಬಿದ್ದ ನೀರು ಹೊರಹೋಗಲು ಪೆಟ್ಟಿಗೆಯ ತಳದಲ್ಲೊಂದು ರಬ್ಬರ್ ಕೊಳವೆ. ಇದನ್ನು ನೋಡುವವರೇ ಇಲ್ಲ. ಕೆಸರು ಕಟ್ಟಿದರೆ ನೀರು ಒಳಗೇ ನಿಂತು ಫಿಲ್ಟರನ್ನು ನೆನೆಸುತ್ತದೆ. ಮುಚ್ಚಳವಿರುವ ಕೊಳವೆಯಾದರೆ ಆಗಾಗ ತೆಗೆದು ನೀರು ಬಸಿದು, ಮರೆಯದೆ ಮತ್ತೆ ಹಾಕಬೇಕು. ತೆರೆದ ಕೊಳವೆ ಹೊಂಡದ ನೀರಿಗೆ ದಾರಿಯಾದೀತು.

ಕಾಗದದ ಫಿಲ್ಟರ್ ನೆನೆದರೆ ಅದರಲ್ಲಿ ಹಿಡಿದಿದ್ದ ಧೂಳು ಕೆಸರಾಗಿ ರಂಧ್ರಗಳು ಮುಚ್ಚುತ್ತವೆ. ಅದನ್ನು ತೊಳೆಯಲಾಗದು, ಹಾಳಾಗಿದ್ದರೆ ಬದಲಿಸುವುದೇ ಸರಿ. ಸ್ಪಂಜಿನ ಫಿಲ್ಟರನ್ನಾದರೆ ತೊಳೆದು, ಪೂರ್ತಿ ಒಣಗಿಸಿ, ಅದಕ್ಕೆಂದೇ ಇರುವ ಎಣ್ಣೆಯಲ್ಲಿ ಅದ್ದಿ ಹಿಂಡಿ ಹಾಕಬಹುದು. ಆ ಎಣ್ಣೆ ನೀರನ್ನೂ ತಡೆಯುತ್ತದೆ. ಪೆಟ್ಟಿಗೆಯನ್ನೇ ಕಿತ್ತು ಬಯಲು ಫಿಲ್ಟರ್ ಹಾಕಿಕೊಂಡ ಯುವಕರು ಮಳೆಗಾಲಕ್ಕಾದರೂ ಮೂಲ ಪೆಟ್ಟಿಗೆಯನ್ನು ಮರಳಿ ಕೂರಿಸುವುದು ಲೇಸು. ಗಾಡಿ ತೊಳೆಸುವಾಗ ಜೋರು ನೀರಿನ ಪೈಪನ್ನು ಸೀಟಿನ ಕೆಳಕ್ಕೆ ಹಿಡಿಯಗೊಡಬಾರದು.

ನಿಜವಾದ ಅಪಾಯವಿರುವುದು ಆಕಾಶದ ನೀರಿನಲ್ಲಲ್ಲ, ರಸ್ತೆಯ ಮೇಲೆ ನಿಂತ ನೀರಿನಲ್ಲಿ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲವೆನ್ನಬಹುದು. 350 ಸಿ.ಸಿ.ಯ ಎಂಜಿನ್ನಿನಲ್ಲಿ ಒತ್ತಡದ ಪ್ರಮಾಣ 8.5 ಎಂದಿಟ್ಟುಕೊಂಡರೆ, ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ ಸುಮಾರು 47 ಸಿ.ಸಿ. ಅದಕ್ಕಿಂತ ಹೆಚ್ಚು ನೀರು ಒಳಹೊಕ್ಕಿದ್ದರೆ ಪಿಸ್ಟನ್ ಗೋಡೆಗೆ ಹಾಯ್ದಂತೆ ನಿಲ್ಲುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಣ್ಣದೊಂದು ಲೋಟದ ನೀರು ಸಾಕು, ಎಂಜಿನ್ ಮುರಿಯಲು.

ಆದಕಾರಣ ನಿಮ್ಮ ಬೈಕಿನ ಮೂಗು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಒಣದಿನದಲ್ಲೇ ಬಗ್ಗಿ ನೋಡಿಟ್ಟುಕೊಳ್ಳಿ. ಹರಿಯುವ ನೀರಿಗೂ ಆಳ ತಿಳಿಯದ ನೀರಿಗೂ ಇಳಿಯಲೇಬೇಡಿ. ಇಳಿಯಬಹುದಾದ ನೀರಾದರೆ ಮೊದಲ ಗೇರಿನಲ್ಲಿ, ನಿಧಾನವಾಗಿ, ಒಂದೇ ಸಮನೆ ಸಾಗಿ. ರಭಸದಿಂದ ನುಗ್ಗಿದರೆ ನೀರಿನ ಅಲೆ ನೀವೇ ಎಬ್ಬಿಸಿ ಮೂಗಿಗೆ ಕೊಟ್ಟಂತೆ. ನೀರಿನ ನಡುವೆ ಎಂಜಿನ್ ನಿಂತರೆ ಒದೆಯಬೇಡಿ, ಸ್ಟಾರ್ಟರ್ ಗುಂಡಿಯನ್ನೂ ಒತ್ತಬೇಡಿ. ದಡಕ್ಕೆ ತಳ್ಳಿ, ಸ್ವಿಚ್ ಆರಿಸಿ, ಪ್ಲಗ್ ಬಿಚ್ಚಿ, ನಿಧಾನವಾಗಿ ಕಿಕ್ ತುಳಿಯಿರಿ. ಕಿಕ್ ಇಲ್ಲದ ಗಾಡಿಯಾದರೆ ಮೇಲಿನ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಒಳಗಿನ ನೀರು ಪ್ಲಗ್ಗಿನ ರಂಧ್ರದಿಂದ ಹೊರಬೀಳುತ್ತದೆ. ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಬದಲಿಸದೆ ಓಡಿಸಬೇಡಿ.

ಆ ರಾತ್ರಿ ನಾನು ಮನೆ ಸೇರಿದಾಗ ಅಪ್ಪಯ್ಯ ಮಂಚದ ಮೇಲೆ ಮುಂದಕ್ಕೆ ಬಾಗಿ ಕೂತಿದ್ದರು. ಮಾತಾಡುವ ಶಕ್ತಿ ಇರಲಿಲ್ಲ. ಔಷಧಿ ಕೊಟ್ಟು, ಅಮ್ಮ ಬೆನ್ನು ನೀವುತ್ತಾ ಕೂತು, ಬೆಳಗಿನ ಜಾವಕ್ಕೆ ಉಸಿರು ತಹಬಂದಿಗೆ ಬಂತು. ಎರಡು ದಿನದ ಮೇಲೆ ತಡವಾದದ್ದೇಕೆಂದು ಅವರೇ ಕೇಳಿದರು. ಕೊಳೆರೋಗ ತಗಲದಿರಲೆಂದು ತೋಟದಲ್ಲಿ ಅಡಕೆ ಕೊನೆಗಳಿಗೆ ಕೊಟ್ಟೆ ಕಟ್ಟಿಸುತ್ತೀರಲ್ಲ, ಹಾಗೆ ನಾನೂ ಗಾಡಿಗೆ ಕೊಟ್ಟೆ ಕಟ್ಟಿದ್ದೆ ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು.

“ಕೊಟ್ಟೆಯ ಬಾಯಿ ಕೆಳಗೆ ತೆರೆದೇ ಇರ್ತದಲ್ಲ ಮಾರಾಯ. ನೀನು ಅದನ್ನೂ ಕಟ್ಟಿದೆಯಾ?”

ಹುಟ್ಟಿದಂದಿನಿಂದ ಕೊಟ್ಟೆ ನೋಡಿದ್ದೆ. ಅದರ ಬಾಯಿಯನ್ನು ನೋಡಿರಲಿಲ್ಲ. ಅಪ್ಪಯ್ಯ ಈಗಿಲ್ಲ. ಆದರೆ ವರ್ಷ ವರ್ಷವೂ ಮೃಗಶಿರೆ ಮುಗಿದು ಆರಿದ್ರಾ ಹುಟ್ಟುವ ಮುನ್ನ ನಾನು ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಆ ರಬ್ಬರ್ ಕೊಳವೆಯನ್ನು ಒಮ್ಮೆ ಹಿಂಡಿ ನೋಡುವುದನ್ನು ತಪ್ಪಿಸಿಲ್ಲ.