ತಿಪಟೂರು ಯಾವ ಜಿಲ್ಲೆಯಲ್ಲಿದೆ? ಡೇಟಾಬೇಸಿಗೆ ಗೊತ್ತಿಲ್ಲ

ತಿಪಟೂರು ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದ್ದು. ಕೊಬ್ಬರಿ ಮಂಡಿಗೆ ಬರುವ ಎಲ್ಲರಿಗೂ ಗೊತ್ತಿರುವ ಈ ಸಂಗತಿ ಡೇಟಾಬೇಸಿಗೆ ಗೊತ್ತಿರುವುದಿಲ್ಲ.

ಪಹಣಿಯಂಥ ದಾಖಲೆಗಳ ಟೇಬಲ್ಲೊಂದನ್ನು ಊಹಿಸಿಕೊಳ್ಳಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಬೆಳೆ ಎಂಬ ಕಾಲಂಗಳು. 31 ಲಕ್ಷ ಸಾಲುಗಳು. ಲೆಕ್ಕದ ಅನುಕೂಲಕ್ಕೆ, 31 ಜಿಲ್ಲೆಗಳಿಗೂ ತುಮಕೂರಿನಂತೆ ಹತ್ತತ್ತು ತಾಲ್ಲೂಕು, ಎಲ್ಲಕ್ಕೂ ಸಮಪಾಲು ಎನ್ನೋಣ. ತಿಪಟೂರಿಗೆ 10,000 ಸಾಲು. ‘ಜಿಲ್ಲೆ ತುಮಕೂರು, ತಾಲ್ಲೂಕು ತಿಪಟೂರು’ ಎಂದು ಎರಡನ್ನೂ ಕೇಳಿದರೂ ಬರುವುದು ಅಷ್ಟೇ. ಆದರೆ ಹುಡುಕುವ ದಾರಿ ಗೊತ್ತುಮಾಡುವ ‘ಪ್ಲಾನರ್’ ಇವೆರಡಕ್ಕೂ ನಂಟಿಲ್ಲವೆಂದು ಭಾವಿಸಿ, 31ರಲ್ಲೊಂದು ಪಾಲನ್ನು 310ರಲ್ಲೊಂದರಿಂದ ಗುಣಿಸುತ್ತದೆ. ಅಂದಾಜು 323ಕ್ಕೆ ಇಳಿಯುತ್ತದೆ!

ಈ ಸಾಲುಗಳನ್ನು ಇನ್ನೊಂದು ಟೇಬಲ್ಲಿನ ಜೊತೆ ಹೊಂದಿಸಬೇಕಿದ್ದರೆ, ಇಷ್ಟೇ ತಾನೆ ಎಂದು ಪ್ಲಾನರ್ ಸಾಲಿಗೊಮ್ಮೆ ಅಲ್ಲಿಗೆ ಹೋಗಿ ಹುಡುಕುವ ದಾರಿ ಹಿಡಿಯಬಹುದು. ಆಗ ಓಡಾಟ 10,000 ಸಲ. ಅಂದಾಜು ಸರಿಯಿದ್ದರೆ ಆ ಟೇಬಲ್ಲನ್ನು ಒಂದೇ ಸಲ ಓದಿ ಹೊಂದಿಸಿಬಿಡುತ್ತಿತ್ತೇನೋ. ಪಾಲುಗಳನ್ನು ಹೀಗೆ ಗುಣಿಸುವ ಪದ್ಧತಿ 1979ರಲ್ಲಿ ಐಬಿಎಂನ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನದಲ್ಲೇ ಇದೆ.

ಪ್ಲಾನರ್ ದಡ್ಡ ಎನ್ನಲಾಗದು. ಒಂದೆರಡು ಚೀಲ ಬಿಚ್ಚಿ ಇಡೀ ಲಾಟಿನ ಕೊಬ್ಬರಿಗೆ ಬೆಲೆ ಕಟ್ಟುವ ವರ್ತಕರಂತೆ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಕೂಡ ಸಾಮಾನ್ಯವಾಗಿ 30,000 ಸಾಲುಗಳ ಮಾದರಿ ತೆಗೆದು ನೋಡುತ್ತದೆ. ತೊಂದರೆ ಏನೆಂದರೆ, ಒಂದೊಂದು ಕಾಲಮನ್ನೂ ಬೇರೆಬೇರೆಯಾಗಿ ನೋಡುತ್ತದೆ. 2017ರಲ್ಲಿ ಬಂದ 10ನೇ ಆವೃತ್ತಿ ಇದಕ್ಕೊಂದು ಮದ್ದು ಕೊಟ್ಟಿತು: ‘ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್’ ಆದೇಶ. ತಾಲ್ಲೂಕು, ಜಿಲ್ಲೆ ಎರಡನ್ನೂ ಜೊತೆಯಲ್ಲಿ ನೋಡು ಎಂದರೆ, ತಾಲ್ಲೂಕು ತಿಳಿದ ಮೇಲೆ ಜಿಲ್ಲೆ ಎಷ್ಟರಮಟ್ಟಿಗೆ ಗೊತ್ತಾಗುತ್ತದೆ ಎಂಬುದನ್ನು 0ಯಿಂದ 1ರವರೆಗಿನ ಅಂಕಿಯಾಗಿ ಬರೆದಿಟ್ಟುಕೊಳ್ಳುತ್ತದೆ.

ಹೋಬಳಿಯಲ್ಲಿ ಹುಷಾರಾಗಿರಬೇಕು. ಹೊನ್ನವಳ್ಳಿ ಎಂದರೆ ತಿಪಟೂರು, ದಂಡಿನಶಿವರ ಎಂದರೆ ತುರುವೇಕೆರೆ, ಹುಳಿಯಾರು ಎಂದರೆ ಚಿಕ್ಕನಾಯಕನಹಳ್ಳಿ. ಆದರೆ ‘ಕಸಬಾ’ ಮೂರರಲ್ಲೂ ಇದೆ; ಆ ಹೆಸರಿನಿಂದ ತಾಲ್ಲೂಕು ಗೊತ್ತಾಗದು. ಬೆಳೆಯ ನಂಟು ಇನ್ನೂ ಸಡಿಲ. ಈ ಮೂರು ತಾಲ್ಲೂಕಿನಲ್ಲಿ ಎತ್ತ ನೋಡಿದರೂ ತೆಂಗು, ಕಲಬುರಗಿಯಲ್ಲಿ ತೊಗರಿ. ಹಾಗೆಂದು ತಿಪಟೂರಿನಲ್ಲಿ ರಾಗಿ ಇಲ್ಲವೆ? ಇಂಥ ಕಡೆ 2019ರ 12ನೇ ಆವೃತ್ತಿಯ ಸೌಲಭ್ಯವೇ ವಾಸಿ. ಹೆಚ್ಚಾಗಿ ಕಾಣುವ ‘ತಿಪಟೂರು–ತೆಂಗು’ ಥರದ ಜೋಡಿಗಳ ಪಟ್ಟಿಯನ್ನೇ ಅದು ಇಟ್ಟುಕೊಳ್ಳುತ್ತದೆ.

ಹಾಗೆಂದು ಎಲ್ಲ ಕಾಲಂಗಳನ್ನೂ ಗಂಟು ಹಾಕಲು ಹೋಗಬೇಡಿ. ಅಂದಾಜು ಕೆಟ್ಟ ಕಡೆ ಮಾತ್ರ ಸಾಕು. ಆದೇಶ ಕೊಟ್ಟ ಮೇಲೆ ‘ಅನಲೈಜ್’ ಓಡಿಸುವುದನ್ನು ಮರೆಯಬೇಡಿ. ಅದು ಓಡುವ ತನಕ ಹೊಸ ಅಂಕಿಅಂಶ ಯಾವುದೂ ದಾಖಲಾಗುವುದಿಲ್ಲ.